ಗಡಿಸೀಮೆಯ ಮಣ್ಣಿನ ಕುಸ್ತಿಯೂ ಜಪಾನಿನ ವೃತ್ತಿಮಲ್ಲವಿದ್ಯೆಯೂ

ಮಂಗಸೂಳಿಯು ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಎಲ್ಲೆಗೆ ಸಮೀಪದಲ್ಲಿರುವ ಊರು. ಕಾಗವಾಡವು ಪ್ರತ್ಯೇಕ ತಾಲ್ಲೂಕಾಗುವ ಮೊದಲು ಇದು ಅಥಣಿ ತಾಲ್ಲೂಕಿಗೆ ಸೇರಿದ್ದಿತು. ಇಲ್ಲಿಯ ಖಂಡೋಬನ ಗುಡಿಗೆ ಕನ್ನಡಿಗರೂ ಮರಾಠಿಗರೂ ಸಮನಾಗಿ ನಡೆದುಕೊಳ್ಳುವರು. ನಾವು ಮೈಲಾರನೆಂದೂ ಮಲ್ಲಯ್ಯನೆಂದೂ ಕರೆಯುವ ದೈವವನ್ನೇ ಅವರು ಖಂಡೋಬನೆಂದೂ ಮಲ್ಹಾರಿಯೆಂದೂ ಕರೆಯುವರು. ಭಂಡಾರವೊಂದೇ, ಏಳುಕೋಟಿಯ ಘೋಷವೊಂದೇ. ಮಣಿ, ಮಲ್ಲ ಎಂಬಿಬ್ಬರು ದೈತ್ಯರನ್ನು ಮಾರ್ತಾಂಡಭೈರವನು ಸಂಹರಿಸಿದನೆಂಬ ಕಥೆಯಿಂದ ಆತನಿಗೆ ಮಲ್ಲಾರಿಯೆಂಬ ಹೆಸರು ಬಂದಿತು. ಮಲ್ಲನೆಂಬ ಶಬ್ದಕ್ಕೆ ಕುಸ್ತಿಯಾಳು ಎಂಬರ್ಥವೂ ಉಂಟಷ್ಟೆ. ಈ ಶಬ್ದಸಾಮ್ಯದ ಮೇಲೆ ಯಾವ ಸಿದ್ಧಾಂತವನ್ನೂ ಕಟ್ಟುವ ಇಚ್ಛೆ ನಮಗಿಲ್ಲ. ಆದರೆ ಮಲ್ಲನ ಹೆಸರನ್ನು ಹೊತ್ತ ದೈವದ ಈ ಸೀಮೆಯಲ್ಲಿ, ಎಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹಳ್ಳಿಗಳಲ್ಲಿ, ಕುಸ್ತಿಯ ಕಣವಿಲ್ಲದೆ ಜಾತ್ರೆಯು ಪೂರ್ತಿಯಾಯಿತೆಂದು ಹಿರಿಯರು ಒಪ್ಪುವುದು ಅಪರೂಪ.

ಈ ಸೀಮೆಯ ಕುಸ್ತಿಯ ಮಾತಿನಲ್ಲಿ ‘ನೂರಾ ಕುಸ್ತಿ’ ಎಂಬುದೊಂದು ಬೈಗುಳವುಂಟು. ಇಬ್ಬರು ಪೈಲವಾನರು ಮುಂಚಿತವಾಗಿ ಒಳಒಪ್ಪಂದ ಮಾಡಿಕೊಂಡು, ಹೊರಗೆ ಮಾತ್ರ ಸೆಣಸಿದಂತೆ ತೋರಿಸಿ ಜನರನ್ನು ವಂಚಿಸುವುದೇ ನೂರಾ. ಉತ್ತರದಲ್ಲಿ ಪಂಜಾಬದವರೆಗೆ, ಅದರಾಚೆ ಪಾಕಿಸ್ತಾನದಲ್ಲಿಯೂ, ಈ ಶಬ್ದ ಇದೇ ಅರ್ಥದಲ್ಲಿ ಬಳಕೆಯಲ್ಲಿರುವುದು. ಈಗ ಅದು ರಾಜಕೀಯದ ಮಾತಿಗೂ ಹೋಗಿ ಸೇರಿದೆ. ಆದರೆ ಜಪಾನಿನಲ್ಲಿ ಕಳೆದ ಎಪ್ಪತ್ತು ವರ್ಷಗಳಿಂದ ಬೆಳೆದು ಬಂದ ವೃತ್ತಿಮಲ್ಲಯುದ್ಧದಲ್ಲಿ ಫಲವು ಸಾಮಾನ್ಯವಾಗಿ ಮೊದಲೇ ಗೊತ್ತಾಗಿರುವುದು. ಅದನ್ನು ಬಲ್ಲ ಪ್ರೇಕ್ಷಕರೇ ಅದನ್ನು ಶ್ರದ್ಧೆಯಿಂದ ನೋಡುವರು, ಕಣ್ಣೀರನ್ನೂ ಸುರಿಸುವರು. ಒಂದು ಕಡೆ ಬೈಗುಳವಾದುದು ಇನ್ನೊಂದು ಕಡೆ ಕಲೆಯಾದುದು ಹೇಗೆ? ಈ ಪ್ರಶ್ನೆಯನ್ನು ವಿಚಾರಿಸಲಿಕ್ಕೆ ಮೊದಲು ನಮ್ಮ ಕಣದ ಕಟ್ಟಳೆಯನ್ನು ತಿಳಿಯಬೇಕು.

ಮೈಸೂರಿನ ಕಡೆ ಗರಡಿಯೆನ್ನುವುದನ್ನು ಈ ಕಡೆಯವರು ತಾಲೀಮು ಎನ್ನುವರು. ಗುರುವಿಗೆ ವಸ್ತಾದನೆಂದು ಹೆಸರು. ತಾಲೀಮಿನ ನಡುವೆ ಕೆಂಪು ಮಣ್ಣಿನ ಹೊಂಡ. ಆ ಮಣ್ಣನ್ನು ಸೋಸಿ ಮಜ್ಜಿಗೆ, ಎಣ್ಣೆ, ನಿಂಬೆಯ ರಸ, ಅರಿಸಿನ, ಕರ್ಪೂರಗಳನ್ನು ಬೆರಸಿ ಹದಗೊಳಿಸುವರು. ಮೈ ತರಚಿದರೆ ಹುಣ್ಣಾಗಬಾರದು, ಹಿಡಿದ ಹಿಡಿತ ಜಾರಬಾರದು ಎಂಬುದು ಇದರ ಉದ್ದೇಶ. ನಸುಕಿನಲ್ಲಿ ದಂಡ, ಬೈಠಕು, ಆಮೇಲೆ ಜೋಡಿಗಳ ಹಿಡಿತ. ಹಾಲು, ತುಪ್ಪ, ಬಾದಾಮಿಗಳ ಖುರಾಕು. ಬಡವರ ಮನೆಯ ಹುಡುಗನಿಗೆ ಈ ಖುರಾಕೇ ದೊಡ್ಡ ತೊಡಕು. ಊರಿನವರೋ ಒಬ್ಬ ಸಾಹುಕಾರನೋ ವಹಿಸಿಕೊಳ್ಳದಿದ್ದರೆ ಆತನ ವಿದ್ಯೆ ಅರ್ಧದಲ್ಲಿಯೇ ನಿಲ್ಲುವುದು.

ಜಾತ್ರೆಯ ಕುಸ್ತಿಯಲ್ಲಿ ಪಂಚರು ಮುಖ್ಯರು. ಇಂಥವನಿಗೆ ಇಂಥವನು ಸಮಜೋಡು ಎಂದು ಗೊತ್ತುಮಾಡುವುದು ಅವರ ಕೆಲಸ. ಮೊದಲು ಎಳೆಯ ಹುಡುಗರ ಕುಸ್ತಿ. ಹಿಂದೆ ಅವರಿಗೆ ರೇವಡಿಯೋ ತೆಂಗಿನಕಾಯಿಯೋ ಇನಾಮು. ಹೊತ್ತು ಇಳಿದಂತೆ ಇನಾಮೂ ಏರುವುದು, ಪೈಲವಾನರ ತೂಕವೂ ಏರುವುದು. ಸಂಜೆಗೆ ಮೊದಲ ಕ್ರಮಾಂಕದ ಕುಸ್ತಿ. ಹಲಗಿಯ ಬಡಿತ ನಿಲ್ಲದೆ ನಡೆದಿರುವುದು. ಇಬ್ಬರೂ ಮಣ್ಣನ್ನು ಮುಟ್ಟಿ ನಮಸ್ಕರಿಸಿ, ಒಂದು ಹಿಡಿ ತೆಗೆದು ಎದುರಾಳಿಯ ಮೈಗೆ ಹಚ್ಚಿ, ಕೈ ಕೂಡಿಸಿ ಪ್ರಾರಂಭಿಸುವರು. ಢಾಕ, ಘಿಸ್ಸಾ, ಏಕಲಂಗಿ, ಮೋಳಿ, ಕಲಾಜಂಗ ಮುಂತಾದ ಪೇಚುಗಳ ಹೆಸರು ಕುಳಿತು ನೋಡುವ ಮುದುಕರ ಬಾಯಲ್ಲಿ ಪಾಠದಂತಿರುವುವು. ಇಲ್ಲಿ ಅಂಕಗಳ ಎಣಿಕೆಯಿಲ್ಲ. ಎರಡೂ ಭುಜಗಳು ಮಣ್ಣಿಗೆ ತಾಕಿ, ಬಿದ್ದವನ ಕಣ್ಣಿಗೆ ಆಕಾಶ ಕಂಡರೆ ಚಿತ್, ಅಲ್ಲಿಗೆ ಮುಗಿಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ನಮ್ಮ ಗಾದೆ ಈ ಕಟ್ಟಳೆಯಿಂದಲೇ ಹುಟ್ಟಿರಬೇಕು. ಭುಜ ತಾಕಿತೋ ಇಲ್ಲವೋ ಎಂಬ ಜಗಳ ಕುಸ್ತಿಯಷ್ಟೇ ಹಳೆಯದು. ಗೆದ್ದವನು ಕಣದ ಸುತ್ತ ತಿರುಗುವಾಗ ಪ್ರೇಕ್ಷಕರು ತಮ್ಮ ಕಿಸೆಯಿಂದ ಬಕ್ಷೀಸು ಕೊಡುವರು. ಸೋತವನಿಗೂ ಮಾತಾಡಿದ ಹಣದಲ್ಲಿ ಪಾಲುಂಟು.

ಎಂದಮೇಲೆ ಜಾತ್ರೆಯ ಪೈಲವಾನನೂ ವೃತ್ತಿಯವನೇ. ಆತನು ಹಣಕ್ಕಾಗಿ ಹಿಡಿಯುವನು. ಆ ಹಣದಿಂದ ಬದುಕುವನು. ಸುಗ್ಗಿಯ ಕಾಲದಿಂದ ಮಳೆ ಹಿಡಿಯುವವರೆಗೆ ಆತನ ಹಂಗಾಮು. ಈ ತಿಂಗಳುಗಳಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಹೋಗಿ ಹತ್ತಾರು ಕಣಗಳಲ್ಲಿ ಇಳಿಯಬೇಕಾಗುವುದು. ಮೊದಲನೆಯ ಕಣದಲ್ಲಿಯೇ ಮೊಣಕಾಲು ತಿರುಚಿದರೆ ಉಳಿದ ಕಣಗಳ ಗಳಿಕೆಯೆಲ್ಲವೂ ಹೋಯಿತು. ಖುರಾಕಿನ ಸಾಲ ಮಾತ್ರ ಉಳಿಯಿತು. ನೂರಾ ಹುಟ್ಟುವುದು ಇಲ್ಲಿ. ಎದುರಿಗಿರುವವನೂ ತನ್ನಂತೆಯೇ ಸಾಲಗಾರ, ಒಮ್ಮೊಮ್ಮೆ ಒಂದೇ ತಾಲೀಮಿನ ಅಣ್ಣತಮ್ಮನಂಥವನು. ಅರ್ಧ ತಾಸು ಒಬ್ಬರ ಕುತ್ತಿಗೆಯ ಮೇಲೆ ಒಬ್ಬರು ಕೈಯಿಟ್ಟು ಸುತ್ತಿದರೆ ಪಂಚರು ಬೇಸತ್ತು ಕುಸ್ತಿ ಬಿಡಿಸಿ ಸಮಬಲವೆನ್ನುವರು. ಇಬ್ಬರಿಗೂ ಹಣ, ಇಬ್ಬರಿಗೂ ಮೈ ಕ್ಷೇಮ. ಇದರಲ್ಲಿ ಲೋಭಕ್ಕಿಂತ ಭಯವೇ ಹೆಚ್ಚೆಂದು ನಮ್ಮ ಅಭಿಪ್ರಾಯ. ಆದರೆ ದೂರದ ಹಳ್ಳಿಯಿಂದ ಬಂದು ಬಿಸಿಲಿನಲ್ಲಿ ಕುಳಿತವನು ಈ ಭಯವನ್ನು ಕಾಣುವುದಿಲ್ಲ. ಆತನು ಕಾಣುವುದು ಮೋಸವನ್ನು. ಆದಕಾರಣವೇ ‘ನಿಕಾಲಿ ಕುಸ್ತಿ’, ಎಂದರೆ ಸೋಲು-ಗೆಲವು ತೀರುವವರೆಗೆ ಬಿಡದ ಕುಸ್ತಿ, ಎಂಬ ಕರಾರನ್ನು ಪಂಚರು ಮುಂಚಿತವಾಗಿ ಸಾರುವರು. ಕೆಲವು ಕಡೆ ಹೊತ್ತು ಮೀರಿದರೆ ಮೊದಲು ಅಂಕ ಪಡೆದವನೇ ಗೆದ್ದನೆಂಬ ಕಟ್ಟಳೆಯೂ ಬಂದಿದೆ.

ಜೋಡು ಕೂಡಿಸುವ ಈ ಪಂಚಾಯತಿ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂದು ಒಂದು ಪ್ರಕರಣವೇ ಇರುವುದು. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ತರಗತಿಗಳಾಗಿ ವಿಂಗಡಿಸಿದೆ. ಅವರ ಆಹಾರವನ್ನೂ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಮುಂತಾದ ಸಾಧನೆಗಳನ್ನೂ ವಿವರಿಸಿದೆ. ಜ್ಯೇಷ್ಠಿಕ ಶಬ್ದವೇ ನಮ್ಮ ‘ಜಟ್ಟಿ’ಯ ಮೂಲವೆಂದು ಅನೇಕ ವಿದ್ವಾಂಸರ ಮತ. ಇಲ್ಲಿ ಗಮನಿಸತಕ್ಕ ವಿಷಯವೆಂದರೆ ಗ್ರಂಥಕರ್ತನು ಇದನ್ನು ಯುದ್ಧವಿದ್ಯೆಯ ಕೆಳಗೆ ಸೇರಿಸದೆ ವಿನೋದಗಳ ಸಾಲಿನಲ್ಲಿ ಸೇರಿಸಿರುವುದು. ಮಲ್ಲನು ಅರಸನ ಅನ್ನ ಉಂಡು ಅರಸನ ಮುಂದೆ ಪ್ರದರ್ಶಿಸುವವನು. ಪ್ರೇಕ್ಷಕನಿಲ್ಲದೆ ಮಲ್ಲವಿನೋದವಿಲ್ಲ.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ತುಗೀಸ ಡೊಮಿಂಗೊ ಪಾಯಸನು ಮಹಾನವಮಿಯ ಮಲ್ಲರನ್ನು ಕಂಡು, ಇವರ ಕುಸ್ತಿ ತನ್ನ ನಾಡಿನದರಂತಲ್ಲವೆಂದೂ ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ ಹೊಡೆದಾಡುವರೆಂದೂ ಬರೆದಿರುವನು. ಇಬ್ಬರನ್ನೂ ಸಮಸ್ಥಿತಿಯಲ್ಲಿ ನಿಲ್ಲಿಸಲಿಕ್ಕೂ ಗೆದ್ದವನಿಗೆ ಮರ್ಯಾದೆ ಸಲ್ಲಿಸಲಿಕ್ಕೂ ನಾಯಕರೂ ನಿರ್ಣಾಯಕರೂ ಇದ್ದರೆಂದು ಆತನು ಹೇಳುವನು. ಇವರೇ ನಮ್ಮ ಪಂಚರ ಪೂರ್ವಿಕರು. ಈ ಸಂಪ್ರದಾಯದ ಒಂದು ಕವಲು ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಮೊನೆಯುಳ್ಳ ಆಯುಧ ಧರಿಸಿ ಸೆಣಸುವರು. ಒಬ್ಬನ ತಲೆಯಿಂದ ಮೊದಲ ರಕ್ತದ ಹನಿ ಬಿದ್ದೊಡನೆ ಕಾಳಗ ಮುಗಿಯುವುದು. ಇದಕ್ಕೆ ಕ್ಷಣಮಾತ್ರದ ಅವಧಿ ಸಾಕು. ಅದು ಎಲ್ಲಿ ನಿಲ್ಲಬೇಕೆಂಬುದು ಮೊದಲೇ ನಿಶ್ಚಿತ. ನೋಡುವವರೆಲ್ಲರಿಗೂ ಅದು ಗೊತ್ತು. ಆದರೂ ಬಿದ್ದ ರಕ್ತ ಸಟೆಯಲ್ಲ. ಅದನ್ನು ನೂರಾ ಎಂದು ಈವರೆಗೆ ಯಾರೂ ಕರೆದಿಲ್ಲ. ಈ ಉದಾಹರಣೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ವಿಜ್ಞಾಪನೆ. ಜಪಾನಿನ ವಿಷಯ ತಿಳಿಯಲಿಕ್ಕೆ ಅದು ಬೇಕಾಗುವುದು.

ಜಪಾನಿನ ಪುರಾತನ ಮಲ್ಲವಿದ್ಯೆ ಸುಮೋ. ಅದೂ ಮಣ್ಣಿನ ಮೇಲೆಯೇ ನಡೆಯತಕ್ಕದ್ದು. ಕಣಕ್ಕೆ ಉಪ್ಪು ಚೆಲ್ಲಿ ಶುದ್ಧಿ ಮಾಡುವ ಪದ್ಧತಿಯು ನಮ್ಮವರು ಮಣ್ಣಿಗೆ ಅರಿಸಿನ ಬೆರಸುವುದನ್ನು ನೆನಪಿಗೆ ತರುವುದು. ಇಂಥ ಸುಮೋದಿಂದ ಹೊರಬಿದ್ದವನು ರಿಕಿಡೋಜಾನ್. ಈತನು ಕೊರಿಯದಲ್ಲಿ ಹುಟ್ಟಿದವನು. ಆ ಸಂಗತಿಯನ್ನು ಜಪಾನಿನ ಜನರಿಂದ ಮುಚ್ಚಿಟ್ಟು ಬಾಳಿದವನು. 1953ರಲ್ಲಿ ವೃತ್ತಿಮಲ್ಲರ ಸಂಘವೊಂದನ್ನು ಸ್ಥಾಪಿಸಿ, 1954ರ ಫೆಬ್ರುವರಿಯಲ್ಲಿ ಜೂಡೋವಿನ ಹೆಸರಾಂತ ವೀರ ಮಸಾಹಿಕೊ ಕಿಮುರಾನನ್ನು ಜೊತೆಗಿಟ್ಟುಕೊಂಡು, ಹೊರನಾಡಿನಿಂದ ಬಂದ ಶಾರ್ಪ್ ಸೋದರರನ್ನು ಎದುರಿಸಿದನು. ದೂರದರ್ಶನ ಆಗತಾನೆ ಬಂದಿದ್ದಿತು. ಬೀದಿಗಳಲ್ಲಿ ನಿಲ್ಲಿಸಿದ ಯಂತ್ರಗಳ ಮುಂದೆ ಸಾವಿರಾರು ಜನ ಕೂಡಿದರು. ಯುದ್ಧದಲ್ಲಿ ಸೋತು ಆಕ್ರಮಿತವಾಗಿದ್ದ ದೇಶದ ಜನರು ತಮ್ಮವನೊಬ್ಬನು ಬಿಳಿಯರನ್ನು ಕೈಯೇಟಿನಿಂದ ಕೆಡಹುವುದನ್ನು ಕಂಡರು. ಅದು ಮೊದಲೇ ಗೊತ್ತಾದುದೋ ಅಲ್ಲವೋ ಎಂದು ಅಂದು ಕೇಳುವ ಮನಸ್ಸು ಎಷ್ಟು ಜನರಿಗಿದ್ದೀತು?

ಕೇಳುವ ಪ್ರಸಂಗ ಅದೇ ವರ್ಷ ಬಂದಿತು. 1954ರ ಡಿಸೆಂಬರ್ 22ರಂದು ರಿಕಿಡೋಜಾನನಿಗೂ ಕಿಮುರಾನಿಗೂ ಟೋಕಿಯೋದಲ್ಲಿ ಕುಸ್ತಿಯಾಯಿತು. ಸಮಬಲವಾಗತಕ್ಕದ್ದೆಂದು ತಮ್ಮೊಳಗೆ ಒಪ್ಪಂದವಿದ್ದಿತೆಂದೂ ನಡುವೆಯೇ ರಿಕಿಡೋಜಾನನು ಅದನ್ನು ಮುರಿದು ನಿಜವಾಗಿಯೇ ಹೊಡೆದನೆಂದೂ ಕಿಮುರಾನು ಆಮೇಲೆ ಹೇಳಿದನು. ಕಿಮುರಾನು ರಕ್ತ ಸುರಿಸಿಕೊಂಡು ನೆಲದ ಮೇಲೆ ಬಿದ್ದುದಂತೂ ಎಲ್ಲರೂ ಕಂಡ ಮಾತು. ನಮ್ಮ ಕಣದ ಭಾಷೆಯಲ್ಲಿ ಹೇಳುವುದಾದರೆ, ನೂರಾ ಕುಸ್ತಿಯೊಂದು ನಡುದಾರಿಯಲ್ಲಿ ನಿಕಾಲಿಯಾಯಿತು. ಇಲ್ಲಿ ವಂಚಿತನಾದವನು ಪ್ರೇಕ್ಷಕನಲ್ಲ, ಜೊತೆಗಾರ. ಜಪಾನಿನ ವೃತ್ತಿಮಲ್ಲರಲ್ಲಿ ಇದರ ನೆನಪು ಬಹುಕಾಲ ಉಳಿಯಿತು. ರಿಕಿಡೋಜಾನನು 1963ರ ಡಿಸೆಂಬರಿನಲ್ಲಿ ಟೋಕಿಯೋದ ರಾತ್ರಿಯ ವಿಹಾರಗೃಹವೊಂದರಲ್ಲಿ ಇರಿತಕ್ಕೆ ಗುರಿಯಾಗಿ, ಒಂದು ವಾರದ ಮೇಲೆ ತೀರಿಕೊಂಡನು.

ಈ ಆಟಕ್ಕೆ ಭಾರತೀಯರು ಹೊರಗಿನವರಾಗಿರಲಿಲ್ಲ. 1955ರಲ್ಲಿ ಟೋಕಿಯೋದಲ್ಲಿ ಏಷ್ಯದ ಜೋಡಿಕುಸ್ತಿಯ ಪಟ್ಟವನ್ನು ಮೊದಲು ಪಡೆದವರು ಕಿಂಗ್‌ಕಾಂಗ್ ಎಂಬ ಹೆಸರಿನ ಯುರೋಪಿಯನನೂ ಟೈಗರ್ ಜೋಗಿಂದರ್ ಸಿಂಗನೂ. ಈ ಕಿಂಗ್‌ಕಾಂಗನನ್ನೇ ದಾರಾಸಿಂಗರ ಎದುರಾಳಿಯಾಗಿ ನಮ್ಮ ಹಿಂದಿನ ತಲೆಮಾರಿನವರು ಬಲ್ಲರು. ಅಂದು ಇದನ್ನು ‘ಫ್ರೀಸ್ಟೈಲ್ ಕುಸ್ತಿ’ಯೆಂದು ಕರೆಯುತ್ತಿದ್ದರು, ಮಣ್ಣಿನ ಕುಸ್ತಿಯ ಪಳಗಿದ ಪ್ರೇಕ್ಷಕರು ಅದನ್ನು ಸ್ವಲ್ಪ ಸಂಶಯದಿಂದಲೇ ನೋಡಿದರೆಂಬುದನ್ನು ಸುಲಭವಾಗಿ ಊಹಿಸಬಹುದು. ಪಂಜಾಬಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲಸಿದ ಟೈಗರ್ ಜೀತ್ ಸಿಂಗನು 1973ರಲ್ಲಿ ಟೋಕಿಯೋದ ಶಿಂಜುಕು ಪೇಟೆಯ ಬೀದಿಯಲ್ಲಿ ಆಂಟೋನಿಯೋ ಇನೋಕಿಯ ಮೇಲೆ ಬಿದ್ದು ಹೊಡೆದು ದೊಡ್ಡ ಗದ್ದಲವೆಬ್ಬಿಸಿದನು. ದುಷ್ಟನ ಪಾತ್ರವನ್ನು ಕಣದ ಹೊರಗೂ ಬಿಡದೆ ನಡೆಸುವುದು ಜಪಾನಿನ ಪದ್ಧತಿ. ನಮ್ಮ ಬಯಲಾಟದ ರಾಕ್ಷಸ ಪಾತ್ರಧಾರಿಯನ್ನು ಮಾರನೆಯ ದಿನ ಮಕ್ಕಳು ಕಂಡು ಓಡುವುದಿಲ್ಲವೆ? ಅದೇ ಬಗೆಯದು ಇದು.

ಇನೋಕಿಯು 1972ರಲ್ಲಿ ಸ್ವತಂತ್ರವಾಗಿ ಸ್ಥಾಪಿಸಿದ ಸಂಘಕ್ಕೆ ‘ನ್ಯೂ ಜಪಾನ್’ ಎಂದು ಹೆಸರು; ಅದೇ ವರ್ಷ ಜಯಂಟ್ ಬಾಬಾನು ‘ಆಲ್ ಜಪಾನ್’ ಸ್ಥಾಪಿಸಿದನು. ಇನೋಕಿಯ ಸಂಘದ ಶಿಕ್ಷಣವನ್ನು ರೂಪಿಸಿದವರಲ್ಲಿ ಬೆಲ್ಜಿಯಮ್ಮಿನಲ್ಲಿ ಹುಟ್ಟಿದ ಕಾರ್ಲ್ ಗಾಚನು ಮುಖ್ಯನು. ಆತನು ಶಿಷ್ಯರಿಂದ ದಿನಾಲು ಮಾಡಿಸುತ್ತಿದ್ದ ಶ್ರಮಗಳಲ್ಲಿ ಮೊದಲನೆಯದು ನಮ್ಮ ಬೈಠಕು. ನೂರಲ್ಲ, ಇನ್ನೂರಲ್ಲ, ಐನೂರು, ಸಾವಿರ. ಜಪಾನೀಯರು ಇಂದಿಗೂ ಅದನ್ನು ‘ಹಿಂದೂ’ ಎಂಬ ವಿಶೇಷಣ ಸೇರಿಸಿಯೇ ಕರೆಯುವರು. ನಮ್ಮ ತಾಲೀಮುಗಳಲ್ಲಿ ತಿರುವುವ ಕರೇಲಾ ಎಂಬ ಮರದ ಗದೆಯನ್ನೂ ಗಾಚನು ಬಳಸುತ್ತಿದ್ದನು. ಹೊಸದಾಗಿ ಸೇರಿದವನು ಅಲ್ಲಿ ಕಸ ಹೊಡೆದು, ಅಡಿಗೆ ಮಾಡಿ, ಹಿರಿಯರ ಬೆನ್ನು ತಿಕ್ಕಿ, ವರ್ಷಗಟ್ಟಲೆ ಕಣದ ಅಂಚಿನಲ್ಲಿ ನಿಂತಿರಬೇಕು. ಕೊಲ್ಲಾಪುರದ ತಾಲೀಮಿನಲ್ಲಿ ಬೆಳೆದವನಿಗೆ ಈ ವರ್ಣನೆ ವಿದೇಶದ್ದೆಂದು ಅನ್ನಿಸಲಾರದು.

ಕೊಲ್ಲಾಪುರದ ಮಾತು ಬಂದುದರಿಂದ ಅದನ್ನೇ ಹಿಡಿದು ಮುಂದುವರಿಯುವೆವು. ಗಡಿಸೀಮೆಯ ಕನ್ನಡ ಪೈಲವಾನರಿಗೆ ಅದು ವಿದ್ಯಾಪೀಠ. ಶಾಹೂ ಮಹಾರಾಜರು ಯುರೋಪಿನ ಪ್ರವಾಸದಲ್ಲಿ ರೋಮಿನ ಪ್ರಾಚೀನ ರಂಗಭೂಮಿಯನ್ನು ಕಂಡು ಬಂದು, ಬಟ್ಟಲಿನಂತೆ ಇಳಿಜಾರಾಗಿ, ಎಲ್ಲಿ ಕುಳಿತರೂ ನಡುವಣ ಮಣ್ಣು ಕಾಣುವಂತೆ ಖಾಸಬಾಗ ಮೈದಾನವನ್ನು ಕಟ್ಟಿಸಿದರು. 1912ರಲ್ಲಿ ಅದು ತೆರೆದಾಗ ಹಿಡಿದ ಮುಖ್ಯ ಕುಸ್ತಿ ಇಮಾಮಬಕ್ಷನಿಗೂ ಗುಲಾಮ ಮೊಹಿದ್ದೀನನಿಗೂ. ಇಮಾಮಬಕ್ಷನು ಪ್ರಖ್ಯಾತ ಗಾಮಾನ ತಮ್ಮ. ಎರಡು ವರ್ಷಗಳ ಮುಂಚೆ, 1910ರಲ್ಲಿ, ಅಣ್ಣತಮ್ಮಂದಿರು ಲಂಡನ್ನಿಗೆ ಹೋಗಿದ್ದರು. ಅಲ್ಲಿ ಗಾಮಾನು ಪೋಲೆಂಡಿನ ಜ್ಬಿಷ್ಕೊನನ್ನು ಎರಡೂವರೆ ತಾಸಿಗೂ ಹೆಚ್ಚು ಹೊತ್ತು ನೆಲಕ್ಕೆ ಒತ್ತಿಹಿಡಿದನು. ಮರುವಾರದ ಕುಸ್ತಿಗೆ ಜ್ಬಿಷ್ಕೊನು ಬರಲೇ ಇಲ್ಲ. 1928ರಲ್ಲಿ ಪಟಿಯಾಳಾದಲ್ಲಿ ಮತ್ತೆ ಕೂಡಿದಾಗ ಒಂದು ನಿಮಿಷ ತುಂಬುವ ಮೊದಲೇ ಗಾಮಾನು ಆತನನ್ನು ಚಿತ್ ಮಾಡಿದನು. ಯುರೋಪಿನ ವೃತ್ತಿಕುಸ್ತಿಯಲ್ಲಿ ಆಗಲೇ ಒಳಒಪ್ಪಂದಗಳು ಬೇರುಬಿಟ್ಟಿದ್ದುವು. ಒಪ್ಪಂದಕ್ಕೆ ಬಗ್ಗದ ಈ ಹೊಸಬರ ಸವಾಲಿಗೆ ಅಲ್ಲಿಯ ಹೆಸರಾಂತ ಮಲ್ಲರನೇಕರು ಓಗೊಡದಿದ್ದುದು ಆಶ್ಚರ್ಯವಲ್ಲ.

ಇದೇ ಇಮಾಮಬಕ್ಷನ ಮಗ ಅಕ್ರಮ್ ಪೈಲವಾನನು 1976ರ ಡಿಸೆಂಬರ್ 12ರಂದು ಕರಾಚಿಯಲ್ಲಿ ಇನೋಕಿಗೆ ಎದುರಾಳಿಯಾದನು. ಆ ವರ್ಷ ಜೂನಿನಲ್ಲಿ ಇನೋಕಿಯು ಮುಷ್ಟಿಮಲ್ಲ ಮಹಮ್ಮದ್ ಅಲಿಯೊಡನೆ ಟೋಕಿಯೋದಲ್ಲಿ ಹದಿನೈದು ಸುತ್ತು ಆಡಿ ಸಮಬಲ ಮಾಡಿಕೊಂಡು ಲೋಕಪ್ರಸಿದ್ಧನಾಗಿದ್ದನು. ಕರಾಚಿಯ ಕುಸ್ತಿಯೂ ಮೊದಲು ಗೊತ್ತುಪಡಿಸಿದ ಪ್ರದರ್ಶನವೇ ಆಗಬೇಕಾಗಿದ್ದು, ಕಣದಲ್ಲಿ ಒಪ್ಪಂದ ಕೂಡಿಬರಲಿಲ್ಲವೆಂದು ಜಪಾನೀಯರ ಕಡೆಯವರು ಹೇಳುತ್ತ ಬಂದಿದ್ದಾರೆ. ನಡೆದುದಿಷ್ಟು: ಮೂರನೆಯ ಸುತ್ತಿನಲ್ಲಿ ಇನೋಕಿಯು ಅಕ್ರಮನ ತೋಳನ್ನು ಹಿಂದಕ್ಕೆ ತಿರುವಿ ಹಿಡಿದನು. ಸೋಲೊಪ್ಪಿ ನೆಲ ತಟ್ಟುವ ಪದ್ಧತಿ ಮಣ್ಣಿನ ಕುಸ್ತಿಯಲ್ಲಿಲ್ಲ, ಅಕ್ರಮನು ತಟ್ಟಲಿಲ್ಲ. ತೋಳು ಕೆಟ್ಟಿತು, ಪಂದ್ಯ ನಿಂತಿತು. ಎರಡು ಕಟ್ಟಳೆಗಳು ಒಂದೇ ಕಣಕ್ಕೆ ಬಂದಾಗ ಆಗುವ ಅನಾಹುತಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಬೇರೆ ಬೇಕಿಲ್ಲ. ಚಿತ್ ಆಗುವವರೆಗೆ ಸೋತಿಲ್ಲವೆಂಬುದು ಅಕ್ರಮನು ತಂದೆಯಿಂದ ಕಲಿತ ಧರ್ಮ. ಆ ಧರ್ಮವೇ ಆತನ ತೋಳನ್ನು ತೆಗೆದುಕೊಂಡಿತು. 1979ರಲ್ಲಿ ಅಕ್ರಮನ ಅಣ್ಣನ ಮಗ ಜಾರಾ ಎಂಬ ತರುಣನು ಲಾಹೋರಿನಲ್ಲಿ ಇನೋಕಿಯನ್ನು ಐದು ಸುತ್ತು ತಡೆದು ನಿಲ್ಲಿಸಿದನು. ಕೊನೆಗೆ ಇನೋಕಿಯೇ ಜಾರಾನ ಕೈಯನ್ನೆತ್ತಿ ಜನರಿಗೆ ತೋರಿಸಿದನು. ಖಾಸಬಾಗಿನ ಮಣ್ಣಿನ ಮೊದಲ ದಿನಕ್ಕೂ ಈ ಸಂಜೆಗೂ ನಡುವೆ ಎರಡು ತಲೆಮಾರುಗಳ ಅಂತರ ಮಾತ್ರ.

ಇಷ್ಟು ಹೊತ್ತು ಹೇಳಿದುದು ಜಪಾನಿನ ದೊಡ್ಡ ಸಂಘಗಳ ವಿಷಯ. ಆದರೆ ನಮ್ಮ ಜಾತ್ರೆಯ ಕಣಕ್ಕೆ ಹತ್ತಿರವಾದವು ಅವಲ್ಲ. ಅವುಗಳ ಹೊರಗೆ ಹುಟ್ಟಿದ ಚಿಕ್ಕ ಸಂಘಗಳು. ಮೊಣಕಾಲು ಮುರಿದು ಆಲ್ ಜಪಾನಿನಿಂದ ನಿವೃತ್ತನಾಗಿದ್ದ ಅತ್ಸುಷಿ ಓನಿಟಾನು 1989ರಲ್ಲಿ, ಕೈಯಲ್ಲಿ ಐವತ್ತು ಸಾವಿರ ಯೆನ್ ಮಾತ್ರವಿದ್ದಾಗ, ಸ್ವಂತ ಸಂಘವನ್ನು ಪ್ರಾರಂಭಿಸಿದನೆಂದು ಹೇಳುವರು. ಕಣದ ಹಗ್ಗಗಳಿಗೆ ಬದಲಾಗಿ ಮುಳ್ಳುತಂತಿ ಕಟ್ಟಿ, ಅದಕ್ಕೆ ಸಿಡಿಮದ್ದು ಜೋಡಿಸಿ, ಅದರ ಮೇಲೆ ಬಿದ್ದು ಎದ್ದನು. ಇದರಲ್ಲಿ ಮಲ್ಲವಿದ್ಯೆ ಎಷ್ಟೆಂಬುದು ಚರ್ಚಾಸ್ಪದ. ನಮಗಂತೂ ಇದು ಅಷ್ಟಾಗಿ ರುಚಿಸುವುದಿಲ್ಲ. ಹೆಂಗಸರ ಸಂಘವೊಂದು 1968ರಿಂದ 2005ರವರೆಗೆ ನಡೆಯಿತು. 1993ರಲ್ಲಿ ಫುನಾಕಿ, ಸುಜುಕಿ ಎಂಬ ತರುಣರಿಬ್ಬರು ಫಲ ಮೊದಲೇ ಗೊತ್ತಾಗದ ನಿಜವಾದ ಸೆಣಸಾಟವೇ ಬೇಕೆಂದು ಹೊರಬಿದ್ದು ಪಂಕ್ರೇಸ್ ಎಂಬ ಸಂಘ ಕಟ್ಟಿದರು. ಪ್ರಾಚೀನ ಗ್ರೀಕರ ಕುಸ್ತಿಯಿಂದ ಹೆಸರು ತೆಗೆದು ಕೊಟ್ಟವನು ಅದೇ ಮುದುಕ ಗಾಚ್. ಎಂದರೆ ಜಪಾನಿನಲ್ಲಿಯೂ ನಿಕಾಲಿಯ ಹಂಬಲ ಸತ್ತಿರಲಿಲ್ಲ.

ಅದೇ 1993ರಲ್ಲಿ ಈಶಾನ್ಯದ ತೋಹೋಕು ಸೀಮೆಯಲ್ಲಿ ಗ್ರೇಟ್ ಸಾಸುಕೆ ಎಂಬ ಮುಸುಕಿನ ಮಲ್ಲನು ಮಿಚಿನೊಕು ಎಂಬ ಪ್ರಾಂತೀಯ ಸಂಘವನ್ನು ಪ್ರಾರಂಭಿಸಿದನು. ರಾಜಧಾನಿಯನ್ನು ನೆಚ್ಚದೆ, ತನ್ನ ಸೀಮೆಯ ಚಿಕ್ಕ ಪಟ್ಟಣಗಳಲ್ಲಿ, ಶಾಲೆ ಪುರಸಭೆಗಳ ವ್ಯಾಯಾಮಶಾಲೆಗಳಲ್ಲಿ, ರೈತರ, ಮುದುಕರ, ಮಕ್ಕಳ ಮುಂದೆ ಆಡುವುದು ಇದರ ಕ್ರಮ. ಇಂಥ ಚಿಕ್ಕ ಸಂಘಗಳಲ್ಲಿ ಮಲ್ಲರೇ ಬಂಡಿಯಿಂದ ಹಲಗೆಗಳನ್ನಿಳಿಸಿ ಕಣ ಕಟ್ಟುವರು, ಚೀಟಿ ಮಾರುವರು, ಆಟ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಜನರಿಗೆ ಕೈ ಕೊಟ್ಟು ಬೀಳ್ಕೊಡುವರು. 2003ರಲ್ಲಿ ಸಾಸುಕೆಯು ಇವಾತೆ ಪ್ರಾಂತದ ಸಭೆಗೆ ಚುನಾಯಿತನಾಗಿ, ಮುಸುಕು ತೆಗೆಯದೆಯೇ ಸಭೆಯಲ್ಲಿ ಕುಳಿತನು. ಅದಕ್ಕೆ ಆಕ್ಷೇಪಣೆ ಬಂದಿತು. ಮತ ಕೊಟ್ಟವರು ಮುಸುಕಿಗೇ ಕೊಟ್ಟರೆಂಬುದು ಆತನ ಸಮಾಧಾನ. ಈ ಸಂಘಗಳ ಪ್ರೇಕ್ಷಕರು ಫಲ ನಿಶ್ಚಿತವೆಂಬುದನ್ನು ಬಲ್ಲರು. ಅವರು ನೋಡಬಂದುದು ಬೇರೆ: ತಮ್ಮ ಊರಿನವರೆಗೆ ಬಂದ ಒಬ್ಬನು, ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಮೈಮೇಲಿನ ಏಟನ್ನು ಉಳಿಸಿಕೊಳ್ಳದೆ ತಿನ್ನುವನೇ ಇಲ್ಲವೇ? ಏಟಿನಲ್ಲಿ ಮೋಸ ಮಾಡಿದವನನ್ನು ಅಲ್ಲಿಯೂ ಜನ ಕ್ಷಮಿಸುವುದಿಲ್ಲ. ಮೈಸೂರಿನ ಜಟ್ಟಿಯ ತಲೆಯಿಂದ ಬಿದ್ದ ಹನಿ ಸಟೆಯಾಗಿದ್ದರೆ ದಸರೆಯ ಜನ ಏನನ್ನುವರೋ ಅದನ್ನೇ ಅವರೂ ಅನ್ನುವರು.

ಆದುದರಿಂದ ನೂರಾ ಎಂಬುದು ಫಲ ಗೊತ್ತಿರುವುದರಿಂದ ಆಗುವ ದೋಷವಲ್ಲ. ಜನರಿಗೆ ಕೊಟ್ಟ ಮಾತನ್ನು ಮುರಿಯುವುದರಿಂದ ಆಗುವ ದೋಷ. ನಮ್ಮ ಪಂಚರು ಜನರಿಗೆ ಕೊಡುವ ಮಾತು ‘ಜೋಡು ನಾವು ಕೂಡಿಸಿದ್ದೇವೆ, ಫಲ ದೈವದ್ದು’ ಎಂದು. ಜಪಾನಿನವರು ಕೊಡುವ ಮಾತು ‘ಫಲ ನಾವು ಕೂಡಿಸಿದ್ದೇವೆ, ಏಟು ನಿಜದ್ದು’ ಎಂದು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಹೋದರೆ ಎರಡೂ ಕೆಡುವುವು.

ಮೂರನೆಯದೊಂದು ಅಳತೆಗೋಲೂ ಉಂಟು; ಈಗ ಅದೇ ಪ್ರಬಲವಾ​ಗಿದೆ. ಅದು ಒಲಿಂಪಿಕದ ಗಾದಿ ಮತ್ತು ಅಂಕ. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಪಡೆದು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದ ಖಾಶಾಬಾ ಜಾಧವರು ಕರಾಡದ ಬಳಿಯ ಗೋಳೇಶ್ವರದವರು, ಕೊಲ್ಲಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿ. ಪ್ರಯಾಣದ ವೆಚ್ಚಕ್ಕಾಗಿ ಅವರ ಪ್ರಾಂಶುಪಾಲರು ಮನೆಯನ್ನು ಒತ್ತೆಯಿಟ್ಟು 7,000 ರೂಪಾಯಿ ಒದಗಿಸಿದುದು ಪ್ರಸಿದ್ಧವಾದ ಕಥೆ. ಅಲ್ಲಿ ಜಾಧವರನ್ನು ಸೋಲಿಸಿ ಚಿನ್ನ ಗೆದ್ದವನು ಜಪಾನಿನ ಶೋಹಾಚಿ ಇಶೀ. ಈತನು ಮೂಲತಃ ಜೂಡೋವಿನವನು. ಯುದ್ಧಾನಂತರ ಆಕ್ರಮಣಾಧಿಕಾರಿಗಳು ಜೂಡೋವನ್ನು ನಿಷೇಧಿಸಿದ್ದರಿಂದ ಕುಸ್ತಿಗೆ ತಿರುಗಿದವನು. ಒಬ್ಬನು ಮಣ್ಣನ್ನು ಬಿಟ್ಟು ಬಂದವನು, ಇನ್ನೊಬ್ಬನು ಜೂಡೋವನ್ನು ಬಿಟ್ಟು ಬಂದವನು. ಇಬ್ಬರೂ ಪರರ ಗಾದಿಯ ಮೇಲೆ ಪರರ ಕಟ್ಟಳೆಗೆ ತಲೆಬಾಗಿ ಹಿಡಿದರು. ಇಶೀಯ ಪದಕವೇ ಆ ಕೂಟದಲ್ಲಿ ಜಪಾನಿಗೆ ಬಂದ ಒಂದೇ ಚಿನ್ನ.

ಈ ಗಡಿಸೀಮೆಯವರೇ ಆದ ಶ್ರೀಪತಿ ಖಂಚನಾಳೆಯವರು ಮಾತ್ರ ಮಣ್ಣಿನಲ್ಲಿಯೇ ಹೆಸರು ಮಾಡಿದವರು. ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬೆಯಲ್ಲಿ ಹುಟ್ಟಿ, ಕೊಲ್ಲಾಪುರದ ತಾಲೀಮಿನಲ್ಲಿ ಪಳಗಿ, 1959ರಲ್ಲಿ ದಿಲ್ಲಿಯಲ್ಲಿ ಪಂಜಾಬದ ಮಲ್ಲನನ್ನು ಕೆಡವಿ ಹಿಂದ್ ಕೇಸರಿಯೆನ್ನಿಸಿದರು. 2020ರ ಡಿಸೆಂಬರಿನಲ್ಲಿ ಅವರು ಕೊಲ್ಲಾಪುರದಲ್ಲಿ ತೀರಿಕೊಂಡಾಗ ಎಲ್ಲೆಯ ಎರಡೂ ಕಡೆಯ ಪತ್ರಿಕೆಗಳು ಅವರನ್ನು ನಮ್ಮವರೆಂದು ಬರೆದುವು.

ಇಂದು ಇದೇ ಸೀಮೆಯ ಹುಡುಗನು ಎರಡು ವಿದ್ಯೆಗಳನ್ನು ಒಟ್ಟಿಗೆ ಕಲಿಯಬೇಕಾಗಿದೆ. ಸರಕಾರದ ಕ್ರೀಡಾನಿಲಯಕ್ಕೂ ನೌಕರಿಗೂ ದಾರಿ ಗಾದಿಯ ಮೇಲಿನದು: ಅಲ್ಲಿ ಅವಧಿ ಆರು ನಿಮಿಷ, ಅಂಕವೇ ಪ್ರಧಾನ. ಖುರಾಕಿನ ಹಣಕ್ಕೆ ದಾರಿ ಜಾತ್ರೆಯ ಮಣ್ಣು: ಅಲ್ಲಿ ಉಸಿರು ಹಿಡಿದು ಕಾಯಬೇಕು, ಭಾರದಿಂದ ದಣಿಸಬೇಕು, ಚಿತ್ ಮಾಡಬೇಕು. ಗಾದಿಯ ವೇಗ ಕಲಿತವನು ಮಣ್ಣಿನಲ್ಲಿ ಬೇಗ ಬಳಲುವನು. ಮಣ್ಣಿನ ತಾಳ್ಮೆ ಕಲಿತವನು ಗಾದಿಯ ಮೇಲೆ ಅಂಕ ಕಳೆದುಕೊಳ್ಳುವನು. ತಾಲೀಮುಗಳು ಈಗ ಮಣ್ಣಿನ ಹೊಂಡದ ಪಕ್ಕದಲ್ಲಿಯೇ ಗಾದಿಯನ್ನೂ ಹಾಸಿವೆ. ಹುಡುಗರು ನಸುಕಿನಲ್ಲಿ ಒಂದರ ಮೇಲೆ ಹಿಡಿದು, ಸಂಜೆಗೆ ಕಾಲು ತೊಳೆದುಕೊಂಡು ಇನ್ನೊಂದರ ಮೇಲೆ ಹಿಡಿಯುವರು. ಜಾತ್ರೆಯ ಕರೆ ಬಂದ ವಾರ ಮಾತ್ರ ವಸ್ತಾದನು ಗಾದಿಯನ್ನು ಸುತ್ತಿಡಿಸುವನು.